ಕನ್ನಡಕ ಕಿತ್ತುಕೊಂಡ ಮಂಗ ಹಣ್ಣು ಸಿಕ್ಕ ಮೇಲೆ ವಾಪಸ್ ಕೊಟ್ಟಿದ್ದು ಯಾಕೆ?

ಪ್ರಶ್ನೆ: ಸರ್, ನಾವು ಮಲ್ಲೇಶ್ವರದವರು. ಹೋದ ವಾರ ಬಾಲಿಗೆ ಹೋಗಿ ಬಂದೆವು. ಉಬುದ್‌ನಲ್ಲಿ ಮಂಗಗಳ ಕಾಡು ಅಂತ ಒಂದಿದೆ. ಅಲ್ಲಿ ನಮ್ಮ ಒಂಬತ್ತು ವರ್ಷದ ಮಗಳು ಒಂದು ಮಂಗವನ್ನು ನೋಡಿ ನಕ್ಕಳು, ಅದೂ ಹಲ್ಲು ಬಿಟ್ಟು ನಕ್ಕಿತು. ಫೋಟೊ ಚೆನ್ನಾಗಿ ಬರಲಿ ಅಂತ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ತಕ್ಷಣ ಕೈ ಪರಚಿಬಿಟ್ಟಿತು. ಸ್ವಲ್ಪ ರಕ್ತ ಬಂತು. ತೊಳೆದು ಕ್ರೀಮ್ ಹಚ್ಚಿದೆವು, ಈಗ ಗಾಯ ಒಣಗಿದೆ. ಹೋಟೆಲಿನವರು 'ಇಲ್ಲಿನ ಮಂಗಗಳಿಂದ ಏನೂ ಆಗಲ್ಲ' ಅಂದರು. ಎರಡು ದಿನ ಬಿಟ್ಟು ಉಲುವಾಟು ದೇವಸ್ಥಾನಕ್ಕೆ ಹೋದರೆ, ಅಲ್ಲಿ ಇನ್ನೊಂದು ಮಂಗ ನನ್ನ ಹೆಂಡತಿಯ ಕನ್ನಡಕ ಕಿತ್ತುಕೊಂಡು ಗೋಡೆ ಮೇಲೆ ಕೂತಿತು. ಅಲ್ಲಿನ ಸಿಬ್ಬಂದಿ ಹಣ್ಣು ಕೊಟ್ಟ ಮೇಲೇ ಬಿಟ್ಟಿದ್ದು. ಮಂಗಕ್ಕೆ ವ್ಯಾಪಾರ ಗೊತ್ತಾ? ನಮ್ಮ ನಂದಿ ಬೆಟ್ಟದ ಮಂಗಗಳೂ ಇದನ್ನು ಕಲಿಯಬಹುದಾ? ಡಿಸೆಂಬರ್‌ನಲ್ಲಿ ಸಿಂಗಳೀಕ ನೋಡೋಕೆ ಆಗುಂಬೆಗೆ ಹೋಗಬೇಕು ಅಂತಿದ್ದೇವೆ. 'ಮಂಗ ಅಂದ್ರೆ ಆಂಜನೇಯ, ಒಂದು ಚಿಪ್ಪು ಬಾಳೆಹಣ್ಣು ತಗೊಂಡು ಹೋಗೋಣ' ಅಂತ ಅಮ್ಮ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಮಗಳ ಕೈ. ಮಿಕ್ಕಿದ್ದೆಲ್ಲ ಆಮೇಲೆ. ಈ ಉತ್ತರ ಓದಿ ಮುಗಿಸೋಣ ಅಂತಲೂ ಕಾಯಬೇಡಿ, ಇವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಾಯ ಚಿಕ್ಕದಾ ದೊಡ್ಡದಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಚರ್ಮ ಒಡೆದು ರಕ್ತ ಬಂತಾ, ಅಷ್ಟೇ ಪ್ರಶ್ನೆ. ರಕ್ತ ಬಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ಮೂರನೇ ದರ್ಜೆಯ ಗಾಯ. ಅಂಥದ್ದಕ್ಕೆ ರೇಬಿಸ್ ಲಸಿಕೆಯ ಜೊತೆಗೆ ಗಾಯದ ಜಾಗಕ್ಕೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು, ಚುಚ್ಚಬೇಕಾಗುತ್ತದೆ. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆ ನಮ್ಮಲ್ಲಿ ಐದು ಡೋಸ್: 0, 3, 7, 14 ಮತ್ತು 28ನೇ ದಿನ. ಚರ್ಮದ ಪದರಕ್ಕೆ ಕೊಡುವ ಕ್ರಮವಾದರೆ 0, 3, 7 ಮತ್ತು 28. ಮೊದಲ ಚುಚ್ಚುಮದ್ದು ಹಾಕಿಸಿಕೊಂಡ ದಿನವೇ ಸೊನ್ನೆ. ಯಾವುದು, ಹೇಗೆ ಅನ್ನುವುದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. 'ವಿದೇಶದಲ್ಲಿ ಮಂಗ ಪರಚಿ ರಕ್ತ ಬಂದಿತ್ತು, ಇನ್ನೂ ಏನೂ ಹಾಕಿಸಿಲ್ಲ' ಅಂತ ಬಾಗಿಲಲ್ಲೇ ಸ್ಪಷ್ಟವಾಗಿ ಹೇಳಿ. ಟಿಟಿ ಇಂಜೆಕ್ಷನ್ ಒಂದನ್ನೇ ಕೊಟ್ಟು ಕಳಿಸಿದರೆ ವಾಪಸ್ ಬರಬೇಡಿ, ಕೇಳಿ.

ಇಷ್ಟು ದಿನ ಆಗಿಹೋಯಿತಲ್ಲ, ಇನ್ನೇನು ಪ್ರಯೋಜನ ಅನ್ನಬೇಡಿ. ರೇಬಿಸ್ ವೈರಸ್ ಮೈಯಲ್ಲಿ ತಲೆ ಎತ್ತಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಅದಕ್ಕೇ ತಡವಾಗಿದ್ದರೂ ಲಸಿಕೆ ಹಾಕಿಸುವುದು. ನಾಯಿ ಕಚ್ಚಿದಾಗ 'ಹತ್ತು ದಿನ ನಾಯಿಯನ್ನು ಗಮನಿಸಿ' ಅಂತಾರಲ್ಲ, ಅದು ನಾಯಿ ಮತ್ತು ಬೆಕ್ಕಿಗೆ ಮಾತ್ರ. ಮಂಗಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಹೋಟೆಲಿನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮಂಗದಿಂದ ರೇಬಿಸ್ ಬರುವುದು ನಾಯಿಗೆ ಹೋಲಿಸಿದರೆ ತುಂಬಾ ಅಪರೂಪ. ಆದರೆ ಬಾಲಿಯ ನಾಯಿಗಳಲ್ಲಿ 2008ರಿಂದ ರೇಬಿಸ್ ಇದೆ, ಮತ್ತು ಲಕ್ಷಣ ಕಾಣಿಸಿಕೊಂಡ ಮೇಲೆ ಈ ಕಾಯಿಲೆಗೆ ಮದ್ದಿಲ್ಲ. ಇಂಥ ಜಾಗದಲ್ಲಿ 'ಅಪರೂಪ' ಅನ್ನುವ ಮಾತನ್ನು ನಂಬಿಕೊಂಡು ಕೂರಬಾರದು.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹರ್ಪಿಸ್ ಬಿ ಅನ್ನುವ ವೈರಸ್ಸಿನ ಹೆಸರೂ ಸಿಗುತ್ತದೆ, ನೋಡಿ ಗಾಬರಿಯಾಗಬೇಡಿ. ಅದು ನೀವು ನೋಡಿದಂಥ, ಮಕಾಕ್ ಅನ್ನುವ ಜಾತಿಯ ಮಂಗಗಳ ಮೈಯಲ್ಲಿ ಸುಮ್ನೆ ಇರುವ ವೈರಸ್. ಮನುಷ್ಯರಲ್ಲಿ 1932ರಲ್ಲಿ ಮೊದಲು ಕಂಡಿತು. ಅಲ್ಲಿಂದೀಚೆಗೆ ಇಡೀ ಜಗತ್ತಿನಲ್ಲಿ ದಾಖಲಾಗಿರುವುದು ಸುಮಾರು 50 ಪ್ರಕರಣ. ಅದರಲ್ಲಿ ಹೆಚ್ಚಿನವರು ಪ್ರಯೋಗಾಲಯಗಳಲ್ಲಿ ಮಂಗಗಳ ಜೊತೆ ಕೆಲಸ ಮಾಡುತ್ತಿದ್ದವರು. ಡಾಕ್ಟರಿಗೆ ಒಂದು ಮಾತು ಹೇಳಿ ಸಾಕು. ಇನ್ನು ಮುಂದೆ ಯಾರಿಗೇ ಪರಚಿದರೂ ನಲ್ಲಿ ಕೆಳಗೆ ಕೈ ಹಿಡಿದು, ಸೋಪು ಹಾಕಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಅಂದರೆ ಜಾಸ್ತಿ ಹೊತ್ತು. ಎಲ್ಲರೂ ಎರಡು ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ.

ಈಗ ಆ ನಗುವಿನ ವಿಷಯಕ್ಕೆ ಬರೋಣ. ಮಂಗ ನಗಲಿಲ್ಲ.

ತುಟಿ ಎರಡೂ ಕಡೆ ಹಿಂದಕ್ಕೆ ಎಳೆದು, ಮೇಲಿನ ಕೆಳಗಿನ ಹಲ್ಲುಗಳನ್ನು ಒತ್ತಿ ಹಿಡಿದು ತೋರಿಸಿದರೆ ಮಂಗ ಹೆದರಿದೆ ಅಂತ ಅರ್ಥ. ಕಿವಿ ಹಿಂದಕ್ಕೆ ಮಡಚಿರುತ್ತದೆ, ಮೈ ಒಂದು ಕಡೆ ವಾಲಿರುತ್ತದೆ. ಕೆಲವೊಮ್ಮೆ 'ಕಿಚ್' ಅಂತ ಸಣ್ಣ ಸದ್ದೂ ಬರುತ್ತದೆ. ಗುಂಪಿನ ದೊಡ್ಡ ಗಂಡು ಹತ್ತಿರ ಬಂದಾಗ ಚಿಕ್ಕವು ಇದೇ ಮುಖ ಮಾಡುತ್ತವೆ. 'ನಾನು ನಿನ್ನ ತಂಟೆಗೆ ಬರಲ್ಲ, ನೀನೂ ಬರಬೇಡ' ಅನ್ನುವ ಮುಖ ಅದು. ಆ ಮುಖ ನೋಡಿದ ಮೇಲೆ ದೊಡ್ಡ ಮಂಗ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಮಗಳು ಒಂದು ಹೆಜ್ಜೆ ಮುಂದೆ ಬಂದಳು. ಹಿಂದೆ ಗೋಡೆಯೋ ಬೇರೆ ಮಂಗವೋ ಇದ್ದು ಓಡಲು ದಾರಿ ಇಲ್ಲದಿದ್ದರೆ, ಹೆದರಿದ ಮಂಗಕ್ಕೆ ಉಳಿಯುವ ದಾರಿ ಒಂದೇ, ಉಗುರು. ಮಗುವಿನ ತಪ್ಪು ಇದರಲ್ಲಿ ಏನೂ ಇಲ್ಲ. ದೊಡ್ಡವರೂ ಮಂಗದ ಮುಖ ಓದುವುದರಲ್ಲಿ ಹೀಗೇ ಸೋಲುತ್ತಾರೆ. ಸಿಟ್ಟಿನ ಮುಖವನ್ನೂ ಭಯದ ಮುಖವನ್ನೂ ಫೋಟೊದಲ್ಲಿ ತೋರಿಸಿದಾಗ ಜನ 'ಖುಷಿಯಾಗಿದೆ' ಅಂದದ್ದು ಸಂಶೋಧನೆಗಳಲ್ಲೂ ಕಂಡಿದೆ.

ಸಿಟ್ಟಿನ ಮುಖ ಬೇರೆ ಥರ. ಬಾಯಿ ಗುಂಡಗೆ ತೆರೆದಿರುತ್ತದೆ, ಹಲ್ಲು ಅಷ್ಟಾಗಿ ಕಾಣುವುದಿಲ್ಲ. ಹುಬ್ಬು ಮೇಲೇರುತ್ತದೆ, ಕಣ್ಣು ನಿಮ್ಮ ಮೇಲೆ ನೆಟ್ಟಿರುತ್ತದೆ. ತಲೆ ಮುಂದಕ್ಕೆ ಚಾಚಿ ಒಮ್ಮೆ ಕುಕ್ಕುತ್ತದೆ. ಇದು ಕೊನೆಯ ಎಚ್ಚರಿಕೆ. ಇನ್ನೊಂದು ಆಕಳಿಕೆ. ದೊಡ್ಡ ಗಂಡು ಮಂಗ ನಿಮ್ಮ ಎದುರು ಕೂತು ಬಾಯಿ ಅಗಲಿಸಿ ಕೋರೆಹಲ್ಲು ತೋರಿಸಿ ಆಕಳಿಸಿದರೆ ಪಾಪ ನಿದ್ದೆ ಬಂದಿದೆ ಅಂದುಕೊಳ್ಳಬೇಡಿ. ಸುತ್ತ ಏನೋ ಸರಿ ಇಲ್ಲ, ತನ್ನ ಹತ್ತಿರ ಇಷ್ಟುದ್ದದ ಹಲ್ಲಿದೆ ಅಂತ ಹೇಳುತ್ತಿದೆ. ಸ್ನೇಹದ ಮುಖವೂ ಒಂದಿದೆ. ತುಟಿಗಳನ್ನು ಬೇಗಬೇಗ ಪಟಪಟನೆ ಬಡಿಯುವುದು. ತಾಯಿ ಮರಿಗೆ, ಹೇನು ಹೆಕ್ಕಲು ಬಂದ ಗೆಳತಿಗೆ ಹೀಗೆ ಮಾಡುತ್ತವೆ. ನಮ್ಮ ಕಡೆ ಮಾಡುವುದು ಕಡಿಮೆ.

ಮಕ್ಕಳಿಗೇ ಯಾಕೆ ಪರಚುವುದು ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ಈ ಮಂಗಗಳ ಗುಂಪಿನಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವುದು ಪಕ್ಕಾ ಇರುತ್ತದೆ. ಮೇಲಿನದರಿಂದ ಏಟು ತಿಂದ ಮಂಗ ತನಗಿಂತ ಚಿಕ್ಕದರ ಮೇಲೆ ಆ ಸಿಟ್ಟು ತೀರಿಸಿಕೊಳ್ಳುತ್ತದೆ. ಮಗುವಿನ ಎತ್ತರ ಚಿಕ್ಕದು, ಮುಖ ಮಂಗದ ಮುಖದ ಮಟ್ಟಕ್ಕೇ ಇರುತ್ತದೆ, ಕಣ್ಣು ಕೀಳದೆ ನೋಡುತ್ತದೆ. ಮೂರೂ ಕೂಡಿಬಂದರೆ ಕೇಳಬೇಕಾ?

ಅದರ ಮೇಲೆ ಉಬುದ್ ಕಾಡಿನ ಇಕ್ಕಟ್ಟು ಬೇರೆ. ನಮ್ಮ ಲಾಲ್‌ಬಾಗ್ 240 ಎಕರೆ. ಉಬುದ್‌ನ ಆ ಕಾಡು ಸುಮಾರು 30 ಎಕರೆ. ಅಷ್ಟರಲ್ಲೇ ಸಾವಿರಕ್ಕೂ ಜಾಸ್ತಿ ಮಂಗಗಳು, ಬೇರೆ ಬೇರೆ ಗುಂಪುಗಳಾಗಿ. ಜೊತೆಗೆ ದಿನವೂ ಸಾವಿರಾರು ಪ್ರವಾಸಿಗರು. ಅವು ಉದ್ದ ಬಾಲದ ಮಕಾಕ್‌ಗಳು, ನಮ್ಮ ಬೆಂಗಳೂರಿನ ಮಂಗಕ್ಕೆ ಹತ್ತಿರದ ಸಂಬಂಧಿಕರೇ. ಕಾಡು ಪಾದಂಗ್‌ತೆಗಲ್ ಅನ್ನುವ ಹಳ್ಳಿಯವರದು. ಒಳಗೆ ಹಳೆಯ ದೇವಸ್ಥಾನಗಳಿವೆ. ನೋಡಿಕೊಳ್ಳುವವರೂ ಹಳ್ಳಿಯವರೇ, ಮತ್ತು ನನ್ನ ಅಭಿಪ್ರಾಯದಲ್ಲಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಸಿಬ್ಬಂದಿ ದಿನಕ್ಕೆ ಹಲವು ಸಲ ಗೆಣಸು ಹಾಕುತ್ತಾರೆ, ಬ್ಯಾಗಿಗೆ ಕೈ ಹಾಕಿದರೆ ಗದರುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಆದರೂ ಅಷ್ಟು ಜನ, ಅಷ್ಟು ಮಂಗ ಒಂದೇ ಕಡೆ ಸೇರಿದರೆ ಪ್ರತಿ ದಿನ ಯಾರಾದರೊಬ್ಬರಿಗೆ ಉಗುರು ತಾಗುವುದು ತಪ್ಪುವುದಿಲ್ಲ.

ಉಲುವಾಟುವಿನದು ಬೇರೆಯೇ ಕಥೆ, ನನಗೆ ತುಂಬಾ ಇಷ್ಟವಾದ ಕಥೆ. ಸಮುದ್ರದ ಪಕ್ಕದ ಬಂಡೆ ಮೇಲಿನ ಆ ದೇವಸ್ಥಾನದ ಮಂಗಗಳನ್ನು ಸಂಶೋಧಕರು ವರ್ಷಗಳಿಂದ ನೋಡುತ್ತಿದ್ದಾರೆ. ಬಾಲಿಯಲ್ಲಿ ಮಂಗಗಳಿರುವ ದೇವಸ್ಥಾನ ಬೇಕಾದಷ್ಟಿವೆ. ಆದರೆ ವಸ್ತು ಕಿತ್ತುಕೊಂಡು, ಅದನ್ನು ಅಡ ಇಟ್ಟುಕೊಂಡು, ತಿಂಡಿ ಸಿಕ್ಕ ಮೇಲೆ ಬಿಡುವ ಚಾಳಿ ಈ ಮಟ್ಟಕ್ಕೆ ಬೆಳೆದಿರುವುದು ಉಲುವಾಟುವಿನಲ್ಲಿ. ಅಂದರೆ ಇದು ಹುಟ್ಟುಗುಣ ಅಲ್ಲ, ಕಲಿತದ್ದು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಗುಂಪುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರು. ಪ್ರವಾಸಿಗರ ನಡುವೆ ಜಾಸ್ತಿ ಹೊತ್ತು ಕಳೆಯುವ, ಗಂಡುಗಳು ಜಾಸ್ತಿ ಇರುವ ಗುಂಪುಗಳಲ್ಲಿ ಈ ಕಳ್ಳತನ ಜಾಸ್ತಿ ಇತ್ತು.

2021ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಜಾನ್ ಬ್ಯಾಪ್ಟಿಸ್ಟ್ ಲೆಕಾ ಮತ್ತು ಜೊತೆಗಾರರದು. ಮರಿಗಳು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳುತ್ತವೆ, ಖಾಲಿ ಚೀಲವೋ ಹೇರ್‌ಪಿನ್ನೋ ಏನಾದರೂ ಆದೀತು. ಬೆಳೆದ ಮಂಗಗಳು ಆರಿಸುತ್ತವೆ. ಮನುಷ್ಯ ಯಾವುದಕ್ಕೆ ಜಾಸ್ತಿ ಬಾಯಿ ಬಡಿದುಕೊಳ್ಳುತ್ತಾನೋ ಅದೇ ಬೇಕು ಅವಕ್ಕೆ. ಮೊಬೈಲು, ಕನ್ನಡಕ, ಪರ್ಸು. ಅಷ್ಟೇ ಅಲ್ಲ, ಬೆಲೆಯ ವಸ್ತು ಕೈಲಿದ್ದರೆ ಮೊದಲು ಕೊಟ್ಟ ತಿಂಡಿಗೆ ಒಪ್ಪುವುದಿಲ್ಲ. ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರಿಯ ಥರ, 'ಇನ್ನೂ ಸ್ವಲ್ಪ ಮೇಲೆ ಬನ್ನಿ' ಅಂತ ಕೂತಿರುತ್ತವೆ. ಹೆಚ್ಚು ತಿಂಡಿ, ಇಲ್ಲವೇ ತಮಗೆ ಇಷ್ಟದ ತಿಂಡಿ ಬಂದಾಗಲೇ ಕೈ ಬಿಡುವುದು. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಅಂತ ನಾವು ಗಾದೆ ಹೇಳುತ್ತೇವಲ್ಲ, ಉಲುವಾಟುವಿನಲ್ಲಿ ಆ ಗಾದೆ ಓಡುವುದಿಲ್ಲ. ನಿಮ್ಮ ಮನೆಯವರ ಕನ್ನಡಕ ತಗೊಂಡ ಮಂಗ ಒಂದೇ ಹಣ್ಣಿಗೆ ಬಿಟ್ಟಿದ್ದರೆ ನೀವು ಅಗ್ಗಕ್ಕೇ ಪಾರಾದಿರಿ.

ಇದನ್ನು ಕಲಿಸಿದವರು ಯಾರು? ಹಣ್ಣು ಕೊಟ್ಟು ಬಿಡಿಸಿಕೊಂಡವರು. ಮಂಗ ಕದಿಯುವುದು ಹೊಸದೇನಲ್ಲ. ಕದ್ದದ್ದು ತಿನ್ನಲು ಬರದಿದ್ದರೆ ಸ್ವಲ್ಪ ಹೊತ್ತು ಕಚ್ಚಿ, ಮೂಸಿ, ಬಿಸಾಡುತ್ತದೆ. ಬಿಸಾಡುವ ಮೊದಲೇ ಯಾರೋ ಓಡಿಬಂದು ತಿಂಡಿ ಕೊಟ್ಟರು ನೋಡಿ, ಅವತ್ತಿಗೆ ವ್ಯಾಪಾರ ಶುರುವಾಯಿತು. ಹೀಗಾಗಿ ನಂದಿ ಬೆಟ್ಟದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ: ಕಲಿಯುವ ಬುದ್ಧಿ ನಮ್ಮ ಮಂಗಗಳಿಗೂ ಧಾರಾಳವಾಗಿದೆ. ಉತ್ತರ ಭಾರತದ ವೃಂದಾವನದಲ್ಲಿ ಕೆಂಪು ಮುಖದ ರೀಸಸ್ ಮಂಗಗಳು ಕನ್ನಡಕ ಕಿತ್ತುಕೊಂಡು ಮಾವಿನ ಜ್ಯೂಸ್ ಪ್ಯಾಕೆಟ್ಟಿಗೆ ವಾಪಸ್ ಕೊಡುವುದು ಊರಿಗೇ ಗೊತ್ತು. ನಂದಿಯಲ್ಲಿ, ಶಿವಗಂಗೆಯಲ್ಲಿ, ಸಾವನದುರ್ಗದಲ್ಲಿ ಮಂಗಗಳಿಗೆ ಇಷ್ಟೆಲ್ಲ ಸುತ್ತಿ ಬಳಸುವ ಅಗತ್ಯ ಬಿದ್ದಿಲ್ಲ. ತಿಂಡಿ ಇರುವ ಕವರನ್ನೇ ನೇರವಾಗಿ ಕಿತ್ತುಕೊಂಡರೆ ಆಯಿತಲ್ಲ.

ಕವರ್ ಅಂದೆ. ನಂದಿ ಬೆಟ್ಟದ ಮೆಟ್ಟಿಲ ಹತ್ತಿರ ಸುಮ್ನೆ ಒಂದರ್ಧ ಗಂಟೆ ಕೂತು ನೋಡಿ. ಬರಿಗೈಯಲ್ಲಿ ಹೋಗುವವರ ಕಡೆ ಮಂಗ ತಲೆ ಎತ್ತಿಯೂ ನೋಡುವುದಿಲ್ಲ. ಪ್ಲಾಸ್ಟಿಕ್ ಕವರ್ ಸರಕ್ ಅಂದ ತಕ್ಷಣ ಮೂರು ತಲೆ ಒಟ್ಟಿಗೆ ತಿರುಗುತ್ತವೆ. ಒಂದು ಹೆಣ್ಣು ಮಂಗ, ಹೊಟ್ಟೆಗೆ ಮರಿ ಅಂಟಿಕೊಂಡಿದೆ, ಕಟಕಟೆ ಮೇಲೆ ನಡೆದುಕೊಂಡು ಬರುತ್ತದೆ, ಆತುರ ಇಲ್ಲ. ಕವರಿನ ಹಿಡಿಕೆಗೆ ಕೈ ಹಾಕುವುದಿಲ್ಲ. ತಳಕ್ಕೆ ಹಾಕುತ್ತದೆ. ತಳ ಹರಿದರೆ ಎಲ್ಲ ಕೆಳಗೆ ಸುರಿಯುತ್ತದೆ ಅಂತ ಅದಕ್ಕೆ ಗೊತ್ತು. ಕಡಲೆಕಾಯಿ, ಸೌತೆಕಾಯಿ ಹೋಳು ಸುರಿದ ಮೇಲೆ ಅಲ್ಲೇ ಕೂತು ತಿನ್ನುವುದೂ ಇಲ್ಲ. ಎರಡೂ ಕೈಯಲ್ಲಿ ಬಾಯಿಗೆ ತುರುಕುತ್ತದೆ. ಕೆನ್ನೆಯ ಒಳಗೆ ಎರಡೂ ಕಡೆ ಚೀಲ ಇದೆ, ಕುತ್ತಿಗೆ ತನಕ ಉಬ್ಬುತ್ತದೆ. ದೊಡ್ಡ ಗಂಡು ಬಂದು ಕಿತ್ತುಕೊಳ್ಳುವ ಮೊದಲು ಮರ ಹತ್ತಿ, ಆಮೇಲೆ ಹೊರಗಿನಿಂದ ಕೈಯಲ್ಲಿ ಕೆನ್ನೆ ಒತ್ತಿ ಒಂದೊಂದೇ ಕಡಲೆಕಾಯಿ ಹೊರಗೆ ತೆಗೆದು ತಿನ್ನುತ್ತದೆ. ಉದ್ದ ಬಾಲದ, ಕಪ್ಪು ಮುಖದ ಮುಸುವಕ್ಕೆ ಈ ಚೀಲ ಇಲ್ಲ. ಅದು ಎಲೆ ತಿನ್ನುವ ಪ್ರಾಣಿ, ಅದಕ್ಕೆ ತಕ್ಕ ಹಾಗೆ ಹೊಟ್ಟೆಯಲ್ಲೇ ಹಲವು ಕೋಣೆಗಳಿವೆ.

ನಮ್ಮ ಮಂಗಗಳು ಕೇಳಿ ತಿನ್ನುವುದನ್ನೂ ಕಲಿತಿವೆ. ಇದನ್ನು ಕಂಡುಕೊಂಡವರು ನಮ್ಮ ಬೆಂಗಳೂರಿನವರೇ. ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಅವರ ಜೊತೆಗಾರರು ಬಂಡೀಪುರದ ಮಂಗಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದರು. ಅಲ್ಲಿನ ಮಂಗಗಳು ತಿಂಡಿ ಹಿಡಿದ ಮನುಷ್ಯನ ಕಡೆ ಕೈ ಚಾಚುತ್ತವೆ, ಜೊತೆಗೆ 'ಕೂ' ಅಂತ ಮೆಲ್ಲಗೆ ಕೂಗುತ್ತವೆ. ಆ ಮನುಷ್ಯ ತಮ್ಮ ಕಡೆ ನೋಡುತ್ತಿದ್ದಾನಾ ಅಂತ ಗಮನಿಸಿಕೊಂಡು ಹೀಗೆ ಮಾಡುತ್ತವೆ. ಕಾಡಿನಲ್ಲೇ ಹುಟ್ಟಿ ಬೆಳೆದ, ಯಾರೂ ಪಳಗಿಸದ ಮಂಗಗಳು ನಮ್ಮ ಜೊತೆ ಮಾತಾಡಲು ತಾವೇ ಒಂದು ದಾರಿ ಕಂಡುಕೊಂಡಿವೆ ಅಂದರೆ ಆಶ್ಚರ್ಯ ಅಲ್ವಾ? ನನಗೆ ಆಶ್ಚರ್ಯವೂ ಆಗುತ್ತದೆ, ಬೇಜಾರೂ ಆಗುತ್ತದೆ. ಯಾಕಂದರೆ ಆ ಕೈ ಚಾಚುವುದು ಹೆದ್ದಾರಿಯ ಪಕ್ಕದಲ್ಲಿ. ಕಾರಿನಿಂದ ಬಿದ್ದ ಚಿಪ್ಸಿಗೆ ಓಡಿ ಬರುವ ಮರಿ ಹಿಂದಿನ ಲಾರಿಯನ್ನು ನೋಡಿರುವುದಿಲ್ಲ.

ಅಮ್ಮ ಹೇಳಿದ ಬಾಳೆಹಣ್ಣಿಗೆ ಇಲ್ಲೇ ಉತ್ತರ ಇದೆ. ಅವರ ಭಕ್ತಿಯನ್ನು ನಾನು ಆಡಿಕೊಳ್ಳುವುದಿಲ್ಲ. ನಮ್ಮ ಊರುಗಳಲ್ಲಿ ಮಂಗಗಳು ಇಷ್ಟು ದಿನ ಉಳಿದುಕೊಂಡಿರುವುದಕ್ಕೆ ಆ ಭಕ್ತಿಯೂ ಒಂದು ಕಾರಣ. ಆದರೆ ಕೈಯಿಂದ ಕೈಗೆ ತಿಂಡಿ ಕೊಟ್ಟ ಮಂಗ ಮುಂದಿನ ಸಲ ಕೈ ಚಾಚುತ್ತದೆ, ಕೊಡದಿದ್ದರೆ ಬಟ್ಟೆ ಎಳೆಯುತ್ತದೆ, ಅದಕ್ಕೂ ಬಗ್ಗದಿದ್ದರೆ ಕಚ್ಚುತ್ತದೆ. ಆಮೇಲೆ 'ಮಂಗಗಳ ಕಾಟ' ಅಂತ ದೂರು ಹೋಗುತ್ತದೆ, ಬೋನು ಬರುತ್ತದೆ. ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಇಲ್ಲಿ ಒರೆಸುವವರು ನಾವು, ಒರೆಸಿಕೊಳ್ಳುವುದು ಕೋತಿ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಒಂದು ರಸ್ತೆ ಬದಿಯಲ್ಲಿ ಗೋಣಿಚೀಲಗಳಲ್ಲಿ ಮೂವತ್ತಕ್ಕೂ ಜಾಸ್ತಿ ಮಂಗಗಳ ಹೆಣ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹಿಡಿದು ದೂರದ ಕಾಡಿಗೆ ಬಿಡುವುದೂ ಪರಿಹಾರ ಅಲ್ಲ. ಅಲ್ಲಿ ಆಗಲೇ ಬೇರೆ ಗುಂಪು ಇರುತ್ತದೆ. ಊರಿನ ಅನ್ನ ತಿಂದು ಬೆಳೆದದ್ದು ಹತ್ತಿರದ ಇನ್ನೊಂದು ಊರನ್ನೇ ಹುಡುಕುತ್ತದೆ. ಖಾಲಿಯಾದ ಜಾಗಕ್ಕೆ ಇಲ್ಲಿ ಇನ್ನೊಂದು ಗುಂಪು ಬಂದು ಸೇರುತ್ತದೆ.

ಇನ್ನೊಂದು ವಿಷಯ ಹೇಳಿದರೆ ಬೆಂಗಳೂರಿನವರು ನಂಬುವುದೇ ಇಲ್ಲ. ನಮ್ಮ ಈ ಮಾಮೂಲಿ ಮಂಗ, ಬಾನೆಟ್ ಮಕಾಕ್, ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮತ್ತು ಅದು ಕಡಿಮೆಯಾಗುತ್ತಿದೆ. ಮೈಸೂರಿನ ಸುತ್ತಮುತ್ತ 25 ವರ್ಷಗಳ ಅಂತರದಲ್ಲಿ ಎಣಿಸಿ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಸಾಲುಮರಗಳಲ್ಲಿ ಆಲ, ಅತ್ತಿ, ಗೋಣಿ ಇದ್ದ ಕಾಲದಲ್ಲಿ ಮಂಗಗಳಿಗೆ ರಸ್ತೆ ಪಕ್ಕವೇ ಮನೆ, ಅಲ್ಲೇ ಊಟ. ರಸ್ತೆ ಅಗಲ ಮಾಡಲು ಮರ ಕಡಿದಾಗ ಮನೆಯೂ ಹೋಯಿತು, ಊಟವೂ ಹೋಯಿತು. ಉತ್ತರದ ಕಡೆಯಿಂದ ರೀಸಸ್ ಮಂಗಗಳು ಕೆಳಗಿಳಿದು ಬರುತ್ತಿರುವುದು ಇನ್ನೊಂದು ತೊಂದರೆ. ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿ ಬಾನೆಟ್ ಮಕಾಕ್ ಈಗ ಸೇರಿದೆ. ಬಾಲಿಯಲ್ಲಿ ನೀವು ನೋಡಿದ ಉದ್ದ ಬಾಲದ ಮಕಾಕ್‌ನ ಗತಿಯೂ ಅದೇ, 2022ರಲ್ಲಿ ಅದನ್ನು ಇನ್ನೂ ಗಂಭೀರವಾದ ಪಟ್ಟಿಗೆ ಹಾಕಿದರು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹತ್ತು ಮಂಗ ಕಂಡರೆ 'ಜಾಸ್ತಿಯಾಗಿವೆ' ಅನಿಸುತ್ತದೆ. ಆ ಹತ್ತಕ್ಕೂ ಬೇರೆ ಜಾಗ ಉಳಿದಿಲ್ಲ ಅನ್ನುವುದು ನನ್ನ ಲೆಕ್ಕ.

ಮಂಗ ಎದುರು ಬಂದರೆ ಏನು ಮಾಡಬೇಕು? ಹೋಗುವ ಮೊದಲೇ ಅರ್ಧ ಕೆಲಸ ಮುಗಿಸಿ. ಕವರ್ ಬೇಡ, ಜಿಪ್ ಇರುವ ಬ್ಯಾಗು ಸಾಕು, ಅದನ್ನೂ ಮುಂದೆ ಹಾಕಿಕೊಳ್ಳಿ. ನೀರಿನ ಬಾಟಲಿ ಒಳಗಿರಲಿ. ಕನ್ನಡಕಕ್ಕೆ ದಾರ ಕಟ್ಟಿ. ಕೂಲಿಂಗ್ ಗ್ಲಾಸ್ ಆದರೆ ತೆಗೆದಿಡಿ. ಮಗಳ ಕೈ ಹಿಡಿದುಕೊಳ್ಳಿ, ಮಂಗದ ಮಟ್ಟಕ್ಕೆ ಬಗ್ಗಿ ಮುಖ ಹತ್ತಿರ ಒಯ್ಯಲು ಬಿಡಬೇಡಿ. ಮರಿ ಮುದ್ದಾಗಿದೆ ಅಂತ ಮರಿ ಮತ್ತು ತಾಯಿಯ ನಡುವೆ ಮಾತ್ರ ಹೋಗಲೇಬೇಡಿ. ಮಂಗ ದಾರಿಗೆ ಅಡ್ಡ ಕೂತಿದ್ದರೆ ಎರಡೂ ಅಂಗೈ ಬಿಚ್ಚಿ ತೋರಿಸಿ, ಖಾಲಿ ಇದೆ ಅಂತ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಆಮೇಲೆ ಬೇರೆಲ್ಲೋ ನೋಡುತ್ತಾ ಪಕ್ಕದಿಂದ ನಿಧಾನ ದಾಟಿ. ಓಡಬೇಡಿ, ಕಿರುಚಬೇಡಿ, ಕಲ್ಲು ಎತ್ತಬೇಡಿ. ಬ್ಯಾಗಿಗೆ ಕೈ ಹಾಕಿಬಿಟ್ಟರೆ ಎಳೆದಾಡದೆ ಬಿಟ್ಟುಬಿಡಿ. ಕಪಿಮುಷ್ಟಿ ಅಂತ ಸುಮ್ನೆ ಹೇಳಿಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ, ಎಳೆದಾಟದಲ್ಲೇ ಎಷ್ಟೋ ಜನಕ್ಕೆ ಕಚ್ಚುವುದು. ಹೆಗಲ ಮೇಲೆ ಹತ್ತಿ ಕೂತರೆ ಕೈಯಲ್ಲಿ ಹಿಡಿದು ಕೀಳಲು ಹೋಗಬೇಡಿ. ತಿಂಡಿ ಇದ್ದರೆ ಕೆಳಗೆ ಹಾಕಿ, ಸುಮ್ನೆ ನಡೆಯುತ್ತಾ ಹೋಗಿ, ಇಳಿದು ಹೋಗುತ್ತದೆ.

ಕನ್ನಡಕ ಮತ್ತೆ ಹೋದರೆ? ಕನ್ನಡಕ ಇಲ್ಲದೆ ಮೆಟ್ಟಿಲಿಳಿಯಲು ಆಗದವರಿಗೆ 'ಹಣ್ಣು ಕೊಡಬೇಡಿ' ಅಂತ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ನೀವೇ ಕೊಡಬೇಡಿ, ಅಟ್ಟಿಸಿಕೊಂಡೂ ಹೋಗಬೇಡಿ. ಅಲ್ಲಿನ ಸಿಬ್ಬಂದಿಯನ್ನು ಕರೆಯಿರಿ. ಅವರಿಗೆ ಆ ಮಂಗ ಗೊತ್ತಿರುತ್ತದೆ. ಸಿಬ್ಬಂದಿ ಇಲ್ಲದ ಕಡೆ ದೂರ ಸರಿದು ಕಾಯಿರಿ. ನೀವು ಆಸೆ ಬಿಟ್ಟಂತೆ ಕಂಡರೆ ಅದಕ್ಕೂ ಆಸಕ್ತಿ ಹೋಗುತ್ತದೆ, ಬಹಳ ಸಲ ಹಾಗೇ ಬಿಸಾಡಿ ಹೋಗುತ್ತದೆ.

ಇನ್ನು ಆಗುಂಬೆ. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಮಂಗ. ಕರಿ ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಮಳೆಕಾಡಿನ ಮರದ ಮೇಲೇ ಜೀವನ. ಹಣ್ಣು, ಹುಳು, ಎಳೆ ಚಿಗುರು ಊಟ. ನಮ್ಮ ರಾಜ್ಯದಲ್ಲಿ ಇವಕ್ಕಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ, 2019ರಲ್ಲಿ ಶರಾವತಿ ಕಣಿವೆಯಲ್ಲಿ ರಕ್ಷಿತ ಪ್ರದೇಶಗಳಾದವು. ಅಲ್ಲಿ ಉಪ್ಪಾಗೆ ಹಣ್ಣಿಗೆ ಜನರೂ ಸಿಂಗಳೀಕಗಳೂ ಒಂದೇ ಮರಕ್ಕೆ ಬರುತ್ತಾರೆ. ಸಿಪ್ಪೆ ಒಣಗಿಸಿ ಮಾರಿದರೆ ದುಡ್ಡು ಬರುತ್ತದೆ, ಸಿಂಗಳೀಕಕ್ಕೆ ಅದು ಹೊಟ್ಟೆಪಾಡು. ಈ ಪ್ರಾಣಿ ಮರಿ ಹಾಕುವುದೂ ನಿಧಾನ, ಎರಡು ಮರಿಗಳ ನಡುವೆ ಎರಡೂವರೆ ವರ್ಷದಷ್ಟು ಅಂತರ ಇರುತ್ತದೆ. ಹಾಗಾಗಿ ರಸ್ತೆಯಲ್ಲಿ ಒಂದು ಸತ್ತರೂ ಗುಂಪಿಗೆ ದೊಡ್ಡ ಪೆಟ್ಟು. ಮರದಿಂದ ಇಳಿಯದ ಇಂಥ ಪ್ರಾಣಿಯನ್ನೂ ನಾವು ಇಳಿಸಿದ್ದೇವೆ. ತಮಿಳುನಾಡಿನ ವಾಲ್ಪಾರೈ ಹತ್ತಿರದ ಪುದುತೋಟ್ಟಂನಲ್ಲಿ ಸಿಂಗಳೀಕಗಳು ಕಸದ ತೊಟ್ಟಿ ಕೆದಕುತ್ತವೆ, ಮನೆಯೊಳಗೆ ನುಗ್ಗುತ್ತವೆ. ರಸ್ತೆ ದಾಟಲು ಮರದಿಂದ ಮರಕ್ಕೆ ಸೇತುವೆ ಕಟ್ಟಿ, ಕಾವಲಿಗೆ ಜನ ನಿಲ್ಲಿಸಬೇಕಾಗಿ ಬಂತು. ಆಗುಂಬೆ ಘಾಟಿಯಲ್ಲೂ ತಿರುವುಗಳಲ್ಲಿ ಕಾರು ನಿಲ್ಲಿಸಿ ತಿಂಡಿ ಎಸೆಯುವವರಿದ್ದಾರೆ. ನಿಮ್ಮ ಕಾರು ಆ ಸಾಲಿನಲ್ಲಿ ನಿಲ್ಲುವುದು ಬೇಡ. ಬಾಳೆಹಣ್ಣನ್ನು ಅಮ್ಮ ದೇವಸ್ಥಾನದಲ್ಲಿ ಕೊಡಲಿ, ಪ್ರಸಾದವಾಗಿ ಮನುಷ್ಯರ ಕೈ ಸೇರಲಿ.

ಡಿಸೆಂಬರ್ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಮಂಗನ ಕಾಯಿಲೆ ಹರಡುವ ಕಾಲ ಡಿಸೆಂಬರ್‌ನಿಂದ ಮೇ ತನಕ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು, ಮಲೆನಾಡಿನಲ್ಲಿ ಈಗಲೂ ಇದೆ. ಹೆಸರು ಮಂಗನದ್ದಾದರೂ ಹರಡುವುದು ಉಣ್ಣಿ ಅನ್ನುವ ರಕ್ತ ಹೀರುವ ಹುಳು ಕಚ್ಚಿ. ಮಂಗವೂ ನಮ್ಮ ಹಾಗೇ ಅದರಿಂದ ಸಾಯುವ ಪ್ರಾಣಿ. ಕಾಡಿನ ದಾರಿಯಲ್ಲಿ ನಡೆಯುವುದಾದರೆ ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಸಾಕ್ಸಿನ ಒಳಗಿರಲಿ. ಉಣ್ಣಿ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ. ತರಗೆಲೆ ಮೇಲೆ ಕೂರಬೇಡಿ. ರೂಮಿಗೆ ಬಂದ ತಕ್ಷಣ ಬಟ್ಟೆ ಬದಲಿಸಿ, ಬಿಸಿನೀರಿನ ಸ್ನಾನ ಮಾಡಿ, ಮಗಳ ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಿ. ಊರಿಗೆ ಬಂದು ಎರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು 'ಮಲೆನಾಡಿಗೆ ಹೋಗಿದ್ದೆವು' ಅನ್ನುವುದನ್ನೇ.

ಸಿಂಗಳೀಕ ಕಾಣಬೇಕಾದರೆ ಬೆಳಿಗ್ಗೆ ಬೇಗ ಹೋಗಿ, ರಸ್ತೆ ಬಿಟ್ಟು, ಅನುಮತಿ ಇರುವ ದಾರಿಯಲ್ಲಿ, ಸ್ಥಳೀಯ ಗೈಡ್ ಜೊತೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಒಂದಿದ್ದರೆ ಸಾಕು. ಕತ್ತು ಎತ್ತಿ ಕೊಂಬೆ ಅಲುಗಾಡುವುದನ್ನು ನೋಡುತ್ತಾ ಇರಿ, ಹಣ್ಣಿನ ಸಿಪ್ಪೆ ಮೇಲಿಂದ ಬೀಳುತ್ತಿದ್ದರೆ ಅಲ್ಲೇ ನಿಂತುಕೊಳ್ಳಿ. ಮಗಳಿಗೂ ಬೈನಾಕ್ಯುಲರ್ ಹಿಡಿಯಲು ಕೊಡಿ. ಅಷ್ಟರಲ್ಲಿ ಅವಳ 28ನೇ ದಿನದ ಡೋಸೂ ಮುಗಿದಿರಬೇಕು, ಅದನ್ನು ಮಾತ್ರ ಮರೆಯಬೇಡಿ.